ಡ್ರೈವ್ ಕಡತಗಳನ್ನು ಕಚೇರಿಯ ಕಂಪ್ಯೂಟರಿಗೆ ಇಳಿಸಲು ಆರ್‌ಕ್ಲೋನ್: ನನ್ನ ಅನುಭವ

ದಾವಣಗೆರೆಯ ಮಂಡಿಪೇಟೆಯ ಕೆಲವು ವರ್ತಕರ ಜಿಎಸ್‌ಟಿ ಲೆಕ್ಕಪತ್ರ ನೋಡಿಕೊಳ್ಳುವ ಕಚೇರಿ ನಮ್ಮದು. ಅಂಗಡಿಯವರು ಖರೀದಿ ಬಿಲ್ಲುಗಳ ಫೋಟೋ ತೆಗೆದು ತಮ್ಮ ಗೂಗಲ್ ಡ್ರೈವ್‌ನ ಫೋಲ್ಡರಿಗೆ ಹಾಕಿ, ಆ ಫೋಲ್ಡರನ್ನು ನಮ್ಮ ಖಾತೆಯೊಂದಿಗೆ ಹಂಚಿಕೊಂಡಿರುತ್ತಾರೆ. ವಾರ್ಷಿಕ ರಿಟರ್ನ್ ಸಲ್ಲಿಸುವ ಕೊನೆಯ ದಿನಾಂಕದಿಂದ 72 ತಿಂಗಳವರೆಗೆ ದಾಖಲೆಗಳನ್ನು ಉಳಿಸಿಕೊಳ್ಳಬೇಕೆಂದು ಕಾನೂನು ಹೇಳುವಾಗ, ಯಾರದೋ ಫೋನಿನಿಂದ ಯಾವಾಗ ಬೇಕಾದರೂ ಅಳಿಸಿಹೋಗಬಹುದಾದ ಫೋಲ್ಡರನ್ನೇ ನಂಬಿ ಕೂರುವುದು ನನಗೆ ಸರಿ ಕಾಣಲಿಲ್ಲ. ಕಚೇರಿಯ ಕಂಪ್ಯೂಟರಿನಲ್ಲಿರುವುದು ವಿಂಡೋಸ್ ಅಲ್ಲ, ಉಬುಂಟು ಎಂಬ ಲಿನಕ್ಸ್. ಗೂಗಲ್ ತನ್ನ ಡೆಸ್ಕ್‌ಟಾಪ್ ತಂತ್ರಾಂಶವನ್ನು ಲಿನಕ್ಸ್‌ಗೆ ಕೊಟ್ಟಿಲ್ಲ. ಆದ್ದರಿಂದ ಕಮಾಂಡ್‌ಲೈನ್‌ನಲ್ಲಿ (ಅಂದರೆ ಆದೇಶಗಳನ್ನು ಟೈಪ್ ಮಾಡಿ) ನಡೆಸುವ, ಕ್ಲೌಡ್‌ನಲ್ಲಿರುವ ಕಡತಗಳನ್ನು ನಕಲಿಸುವ ಮುಕ್ತ ತಂತ್ರಾಂಶವಾದ ಆರ್‌ಕ್ಲೋನನ್ನು ಆರಿಸಿಕೊಂಡೆ.

ಉಬುಂಟುವಿನ ಭಂಡಾರದಲ್ಲಿ ಸಿಗುವ ಆವೃತ್ತಿ ಸಾಮಾನ್ಯವಾಗಿ ಹಳೆಯದಾಗಿರುವುದರಿಂದ ಆರ್‌ಕ್ಲೋನ್ ತಾಣದಿಂದಲೇ ಹೊಸದನ್ನು ಪಡೆದೆ. ‘ಕಾನ್ಫಿಗ್’ ಆದೇಶ ಕೊಟ್ಟರೆ ಅದು ಒಂದೊಂದಾಗಿ ಪ್ರಶ್ನೆ ಕೇಳುತ್ತಾ ಹೋಗುತ್ತದೆ. ಹೆಚ್ಚಿನವಕ್ಕೆ ಎಂಟರ್ ಒತ್ತಿದರೆ ಸಾಕು. ನಿಂತು ಯೋಚಿಸಬೇಕಾದವು ಮೂರು. ಅನುಮತಿಯ ಪ್ರಶ್ನೆಗೆ ನಾನು ‘ಓದಲು ಮಾತ್ರ’ ಎಂಬುದನ್ನು ಆರಿಸಿದೆ; ಹೀಗೆ ಮಾಡಿದರೆ ನಾವು ಎಂತಹ ಆದೇಶ ಕೊಟ್ಟರೂ ವರ್ತಕರ ಕಡತ ಅಲ್ಲಿ ಅಳಿಯುವುದಿಲ್ಲ. ಹಂಚಿಕೊಂಡ ಫೋಲ್ಡರುಗಳು ತಾವಾಗಿ ಕಾಣುವುದಿಲ್ಲವಾದ್ದರಿಂದ ‘ಶೇರ್ಡ್ ವಿತ್ ಮಿ’ ಆಯ್ಕೆಯನ್ನು ಮುಂದುವರಿದ ಸೆಟ್ಟಿಂಗುಗಳಲ್ಲಿ ಚಾಲೂ ಮಾಡಿದೆ. ಕ್ಲೈಂಟ್ ಐಡಿಯನ್ನು (ಡ್ರೈವ್ ಬಳಸುತ್ತಿರುವ ತಂತ್ರಾಂಶ ಯಾವುದೆಂದು ಗೂಗಲ್‌ಗೆ ತಿಳಿಸುವ ಗುರುತು) ಗೂಗಲ್ ಕ್ಲೌಡ್ ಕನ್ಸೋಲಿನಲ್ಲಿ ನಮ್ಮದೇ ಆಗಿ ಮಾಡಿಕೊಳ್ಳುವುದು ಒಳ್ಳೆಯದು, ಏಕೆಂದರೆ ಆರ್‌ಕ್ಲೋನ್‌ನದನ್ನು ಎಲ್ಲರೂ ಬಳಸುವುದರಿಂದ ವೇಗ ತಗ್ಗುತ್ತದೆ. ಆದರೆ ಆ ಐಡಿಯನ್ನು ‘ಟೆಸ್ಟಿಂಗ್’ ಸ್ಥಿತಿಯಲ್ಲೇ ಬಿಟ್ಟರೆ 7 ದಿನಕ್ಕೊಮ್ಮೆ ಮತ್ತೆ ಲಾಗಿನ್ ಆಗಬೇಕಾಗುತ್ತದೆ. ಹಾಗಾಗಿ ಅದನ್ನು ‘ಪಬ್ಲಿಷ್’ ಮಾಡಿಬಿಡಬೇಕು.

ನಾನು ಹೆಚ್ಚು ಯೋಚಿಸಿದ್ದು ‘ಕಾಪಿ’ಯೋ ‘ಸಿಂಕ್’ಓ ಎಂಬ ವಿಷಯದಲ್ಲಿ. ‘ಸಿಂಕ್’ ಒಮ್ಮುಖವಾದದ್ದು: ಮೂಲದಲ್ಲಿ ಇಲ್ಲದ್ದನ್ನು ನಕಲಿನಿಂದಲೂ ತೆಗೆದುಹಾಕುತ್ತದೆ, ಅಂದರೆ ಅಂಗಡಿಯವರು ಅಳಿಸಿದ ಬಿಲ್ಲು ನಮ್ಮಲ್ಲೂ ಅಳಿಯುತ್ತದೆ. ‘ಕಾಪಿ’ ಏನನ್ನೂ ಅಳಿಸುವುದಿಲ್ಲ. ಆದರೆ ಅದೇ ಹೆಸರಿನ ಕಡತ ಬದಲಾಗಿದ್ದರೆ ಹಳೆಯದರ ಮೇಲೆಯೇ ಬರೆಯುತ್ತದೆ, ಮತ್ತು ಯಾರಾದರೂ ಬಿಲ್ಲನ್ನು ಒಂದು ತಿಂಗಳ ಫೋಲ್ಡರಿನಿಂದ ಇನ್ನೊಂದಕ್ಕೆ ಸರಿಸಿದರೆ ನಮ್ಮಲ್ಲಿ ಅದು ಎರಡೂ ಕಡೆ ಉಳಿದು ಲೆಕ್ಕ ಕೂಡುವವರ ತಲೆ ಕೆಡಿಸುತ್ತದೆ. ಕೊನೆಗೆ ‘ಸಿಂಕ್’ ಜೊತೆಗೆ ‘ಬ್ಯಾಕಪ್-ಡಿರ್’ ಎಂಬುದನ್ನು ಸೇರಿಸಿದೆ: ಅಳಿಯಬೇಕಾದ ಅಥವಾ ಬದಲಾಗಬೇಕಾದ ಹಳೆಯ ಕಡತಗಳು ಆಯಾ ದಿನಾಂಕದ ಹೆಸರಿನ ಬೇರೊಂದು ಫೋಲ್ಡರಿಗೆ ಹೋಗಿ ಕೂರುತ್ತವೆ. ಎರಡೂ ದಿಕ್ಕಿಗೆ ಹೊಂದಿಸುವ ‘ಬೈಸಿಂಕ್’ ಕೂಡ ಇದೆ. ದಾಖಲೆ ಉಳಿಸುವ ಕೆಲಸಕ್ಕೆ ಅದು ಬೇಡವೇ ಬೇಡ ಎಂಬುದು ನನ್ನ ಅಭಿಪ್ರಾಯ. ಯಾವ ಆದೇಶವನ್ನೇ ಆಗಲಿ ಮೊದಲು ‘ಡ್ರೈ-ರನ್’ ಸೇರಿಸಿ ಓಡಿಸಿದರೆ, ಏನೇನು ಆಗಲಿದೆ ಎಂಬುದನ್ನು ಅದು ಹೇಳುತ್ತದೆಯೇ ಹೊರತು ಏನನ್ನೂ ಮುಟ್ಟುವುದಿಲ್ಲ.

ಡ್ರೈವ್‌ನ ಒಂದು ವಿಚಿತ್ರವನ್ನು ಇಲ್ಲಿ ಹೇಳಲೇಬೇಕು. ಅಲ್ಲಿ ಒಂದೇ ಫೋಲ್ಡರಿನಲ್ಲಿ ಒಂದೇ ಹೆಸರಿನ ಎರಡು ಕಡತಗಳು ಇರಬಹುದು. ನಮ್ಮ ಡಿಸ್ಕಿನಲ್ಲಿ ಇರಲಾರವು. ಇಂತಹವು ಎದುರಾದಾಗ ಆರ್‌ಕ್ಲೋನ್ ಲಾಗ್‌ನಲ್ಲಿ ಒಂದು ಸೂಚನೆ ಬರೆದು, ಒಂದನ್ನು ಬಿಟ್ಟು ಮುಂದೆ ಸಾಗುತ್ತದೆ. ಒಂದೇ ಹೆಸರಿನ ಕಡತಗಳನ್ನು ಹುಡುಕುವ ‘ಡಿಡ್ಯೂಪ್’ ಆದೇಶವನ್ನು ಪಟ್ಟಿ ಮಾಡುವ ವಿಧಾನದಲ್ಲಿ ಓಡಿಸಿ, ಬಂದ ಹೆಸರುಗಳನ್ನು ಅಂಗಡಿಯ ಗುಮಾಸ್ತರಿಗೆ ಕಳುಹಿಸಿ, ಹೆಸರು ಬದಲಿಸಲು ಅವರಿಗೇ ಹೇಳುತ್ತೇನೆ. ಗೂಗಲ್ ಶೀಟುಗಳು ಎಕ್ಸೆಲ್ ಕಡತಗಳಾಗಿ ಇಳಿಯುತ್ತವೆ, ಅದರಿಂದ ನಮಗೆ ತೊಂದರೆಯಿಲ್ಲ.

ಪ್ರತಿ ತಿಂಗಳ 11 ಮತ್ತು 20ರ ಆಸುಪಾಸಿನಲ್ಲಿ ರಿಟರ್ನ್ ಸಲ್ಲಿಸುವ ಗಡಿಬಿಡಿ ಇರುವುದರಿಂದ ಈ ಕೆಲಸವನ್ನು, ನಿಗದಿತ ಸಮಯಕ್ಕೆ ಆದೇಶವನ್ನು ತಾನಾಗಿ ಓಡಿಸುವ ಕ್ರಾನ್ ಮೂಲಕ ರಾತ್ರಿಗೆ ಇಟ್ಟಿದ್ದೇನೆ. ಹಗಲಿನಲ್ಲಿ ಓಡಿಸಲೇಬೇಕಾದರೆ ವೇಗಕ್ಕೆ ಮಿತಿ ಹಾಕುವ ‘ಬಿಡಬ್ಲ್ಯೂ-ಲಿಮಿಟ್’ ಹಾಕುತ್ತೇನೆ. ಅದರ ಎಣಿಕೆ ಬೈಟುಗಳಲ್ಲಿರುವುದರಿಂದ 1ಎಂ ಎಂದರೆ ಇಂಟರ್ನೆಟ್ ಕಂಪನಿಯವರ ಭಾಷೆಯಲ್ಲಿ ಸುಮಾರು 8 ಎಂಬಿಪಿಎಸ್. ನಡುವೆ ಕರೆಂಟು ಹೋದರೂ ಭಯವಿಲ್ಲ: ಹೊಸ ಆವೃತ್ತಿಗಳಲ್ಲಿ ಕಡತ ಪೂರ್ತಿ ಇಳಿಯುವವರೆಗೆ ತಾತ್ಕಾಲಿಕ ಹೆಸರಿನಲ್ಲಿರುತ್ತದೆ, ಮುಂದಿನ ಸಲ ಗಾತ್ರ ಮತ್ತು ಸಮಯ ಹೊಂದುವ ಕಡತಗಳನ್ನು ಬಿಟ್ಟು ಉಳಿದವನ್ನಷ್ಟೇ ತರುತ್ತದೆ. ತಿಂಗಳ ಕೊನೆಗೆ ‘ಚೆಕ್’ ಆದೇಶ ಕೊಟ್ಟು, ಡ್ರೈವ್‌ನ ಎಂಡಿ5 ಮೊತ್ತಕ್ಕೂ (ಕಡತದ ಒಳಗಿರುವುದರಿಂದ ಲೆಕ್ಕಹಾಕಿದ, ಅದರ ಬೆರಳಚ್ಚಿನಂತಹ ಗುರುತು) ನಮ್ಮ ಪ್ರತಿಗೂ ತಾಳೆ ನೋಡುತ್ತೇನೆ. ಶೀಟುಗಳಿಗೆ ಆ ಮೊತ್ತ ಇಲ್ಲದ ಕಾರಣ ಅವುಗಳಲ್ಲಿ ಕೆಲವನ್ನು ಕೈಯಾರೆ ತೆರೆದು ನೋಡಬೇಕಾಗುತ್ತದೆ.