ಗಾರ್ಡ್ ಆರಿಸುವಾಗ ಡಿಫೆನ್ಸ್‌ಗೆ ನಾನು ಎಷ್ಟು ಬೆಲೆ ಕೊಡುತ್ತೇನೆ

ಅಮೆರಿಕದ ಬಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎಯ ಡ್ರಾಫ್ಟ್ (ತಂಡಗಳು ಸರದಿ ಪ್ರಕಾರ ಹೊಸ ಆಟಗಾರರನ್ನು ಆರಿಸಿಕೊಳ್ಳುವ ಕಾರ್ಯಕ್ರಮ) ಹತ್ತಿರ ಬಂದ ಹಾಗೆ ಪ್ರತಿ ವರ್ಷ ನಾನು ನನ್ನದೇ ಒಂದು ಪಟ್ಟಿ ಮಾಡುತ್ತೇನೆ. ಯಾವ ತಂಡದ ಕೆಲಸವೂ ಅಲ್ಲ, ಸುಮ್ನೆ ಹುಚ್ಚು. ಕೆಲವು ಗೆಳೆಯರು ಮುಂಚೆಯೇ ಪಟ್ಟಿ ಹಂಚಿಕೊಳ್ಳುತ್ತೇವೆ, ಆಮೇಲೆ ತಿದ್ದುವ ಹಾಗಿಲ್ಲ. ಜಗಳ ಹತ್ತುವುದು ಹೆಚ್ಚಾಗಿ ಗಾರ್ಡ್‌ಗಳ, ಅಂದರೆ ಸಾಮಾನ್ಯವಾಗಿ ಚೆಂಡು ನಡೆಸುವ, ಎತ್ತರ ಕಡಿಮೆ ಇರುವ ಆಟಗಾರರ ವಿಷಯಕ್ಕೇ. ‘ಇವನು 25 ಪಾಯಿಂಟ್ ಹೊಡೀತಾನೆ’ ಅಂತ ಒಬ್ಬ ಅಂದರೆ, ‘30 ಬಿಟ್ಟುಕೊಡ್ತಾನೆ’ ಅಂತ ಇನ್ನೊಬ್ಬ.

ಆಫೆನ್ಸ್‌ಗೆ (ಪಾಯಿಂಟ್ ಗಳಿಸುವ ಆಟಕ್ಕೆ) 60, ಡಿಫೆನ್ಸ್‌ಗೆ (ಎದುರಾಳಿಯನ್ನು ತಡೆಯುವ ಆಟಕ್ಕೆ) 40 ಅಂತ ಅಂಕ ಹಂಚಿ ಕೂಡಿಸುವವರಿದ್ದಾರೆ. ನಾನು ಕೂಡಿಸುವುದಿಲ್ಲ. ಕೂಡಿಸಿದರೆ ಒಂದು ಕಡೆಯ ದೊಡ್ಡ ತೂತು ಇನ್ನೊಂದು ಕಡೆಯ ಒಳ್ಳೆಯ ಅಂಕದ ಅಡಿಯಲ್ಲಿ ಮುಚ್ಚಿಹೋಗುತ್ತದೆ. ಪ್ಲೇಆಫ್‌ನಲ್ಲಿ ಎದುರಾಳಿ ಕೋಚ್ ಹುಡುಕುವುದು ಆ ತೂತನ್ನೇ. ಹಾಗಾಗಿ ಮೊದಲು ಎರಡು ಪ್ರಶ್ನೆ ಕೇಳಿಕೊಳ್ಳುತ್ತೇನೆ. ಕೈಯಲ್ಲಿ ಚೆಂಡಿಲ್ಲದಾಗಲೂ ಎದುರಾಳಿ ಇವನ ಹತ್ತಿರ ನಿಲ್ಲಲೇಬೇಕಾ? ಬೇಕಂತಲೇ ಇವನನ್ನು ಆರಿಸಿಕೊಂಡು ಮೇಲೆ ಬಿದ್ದರೆ ಇವನು ತಡೆದುಕೊಳ್ಳುತ್ತಾನಾ? ಎರಡಕ್ಕೂ ‘ಪರವಾಗಿಲ್ಲ’ ಅನ್ನುವಷ್ಟು ಉತ್ತರ ಸಿಕ್ಕರೆ ಸಾಕು. ಅಲ್ಲಿಂದ ಮುಂದೆ ಯಾರು ಮೇಲೆ, ಯಾರು ಕೆಳಗೆ ಅನ್ನುವುದನ್ನು ಆಫೆನ್ಸ್ ತೀರ್ಮಾನಿಸುತ್ತದೆ.

ಮೊದಲ ಪ್ರಶ್ನೆ ನನ್ನ ತಲೆಗೆ ಹತ್ತಿದ್ದು 2015ರ ಪ್ಲೇಆಫ್ ನೋಡಿ. ಮೆಂಫಿಸ್ ತಂಡ ಗೋಲ್ಡನ್ ಸ್ಟೇಟ್ ವಿರುದ್ಧ 2-1 ಮುಂದಿತ್ತು. ಮೆಂಫಿಸ್‌ನ ಟೋನಿ ಅಲೆನ್ ಆ ವರ್ಷ ಆಲ್ ಡಿಫೆನ್ಸಿವ್ ಮೊದಲ ತಂಡದಲ್ಲಿದ್ದ (ಲೀಗ್‌ನ ಅತ್ಯುತ್ತಮ ಡಿಫೆಂಡರ್‌ಗಳ ಗೌರವ ಪಟ್ಟಿ) ಗಾರ್ಡ್. ನಾಲ್ಕನೇ ಪಂದ್ಯದಲ್ಲಿ ಗೋಲ್ಡನ್ ಸ್ಟೇಟ್ ತನ್ನ ಸೆಂಟರ್ (ಬುಟ್ಟಿಯ ಹತ್ತಿರ ಆಡುವ ಎತ್ತರದ ಆಟಗಾರ) ಆಂಡ್ರ್ಯೂ ಬೋಗಟ್‌ಗೆ ಅಲೆನ್‌ನನ್ನು ಕಾಯಲು ಒಪ್ಪಿಸಿತು. ಒಪ್ಪಿಸಿತು ಅನ್ನುವುದು ಹೆಸರಿಗೆ ಮಾತ್ರ. ಬೋಗಟ್ ಬುಟ್ಟಿಯ ಹತ್ತಿರವೇ ನಿಂತ, ಅಲೆನ್ ದೂರದಲ್ಲಿ ಒಬ್ಬನೇ ಉಳಿದ. ‘ಹೊಡಿ ನೋಡೋಣ’ ಅಂದ ಹಾಗೆ. ಮೆಂಫಿಸ್‌ನ ದೊಡ್ಡ ಆಟಗಾರರಿಗೆ ಒಳಗೆ ಜಾಗವೇ ಸಿಗಲಿಲ್ಲ. ಸರಣಿಯನ್ನು ಗೋಲ್ಡನ್ ಸ್ಟೇಟ್ 4-2ರಿಂದ ಗೆದ್ದಿತು. ಅಷ್ಟು ಒಳ್ಳೆಯ ಡಿಫೆಂಡರ್‌ನನ್ನೂ ಅಂಕಣದಲ್ಲಿ ಇಟ್ಟುಕೊಳ್ಳುವುದು ಕಷ್ಟವಾಯಿತು.

ಶಾಟ್ ನೋಡುವಾಗ ಕಾಲೇಜಿನ ಮೂರು ಪಾಯಿಂಟ್ ಶೇಕಡಾವಾರನ್ನು ನಾನು ಪೂರ್ತಿ ನಂಬುವುದಿಲ್ಲ. ಒಂದು ಸೀಸನ್‌ನಲ್ಲಿ ಹೊಡೆಯುವ ಶಾಟ್‌ಗಳು ಕಡಿಮೆ. ಮೂರು ಪಾಯಿಂಟ್ ಗೆರೆಯೂ ಹತ್ತಿರ: ಕಾಲೇಜಿನಲ್ಲಿ 22 ಅಡಿ 1¾ ಇಂಚು, ಎನ್‌ಬಿಎಯಲ್ಲಿ ಮೂಲೆ ಬಿಟ್ಟು ಉಳಿದ ಕಡೆ 23 ಅಡಿ 9 ಇಂಚು. ಅದಕ್ಕೇ ಫ್ರೀ ಥ್ರೋ (ಫೌಲ್ ಆದಾಗ ಸಿಗುವ ಶಾಟ್) ಕಡೆ ಜಾಸ್ತಿ ಗಮನ ಕೊಡುತ್ತೇನೆ. ಅಲ್ಲಿ ಯಾರೂ ಅಡ್ಡ ಇಲ್ಲ, ದೂರ ಬದಲಾಗುವುದಿಲ್ಲ, ಕೈಯ ಹದ ಎಷ್ಟಿದೆ ಅಂತ ಕಾಣುತ್ತದೆ. ಮೂರು ಪಾಯಿಂಟ್ ಶೇ 30, ಫ್ರೀ ಥ್ರೋ ಶೇ 80 ಇರುವ ಹುಡುಗನಿಗೆ ಕಾಯಬಹುದು. ಎರಡೂ ಕೆಳಗಿದ್ದರೆ ಕಾಯುವ ಧೈರ್ಯ ನನಗಿಲ್ಲ.

ಡಿಫೆನ್ಸ್ ಅಳೆಯುವುದು ಇನ್ನೂ ತಲೆನೋವು. ಸ್ಟೀಲ್ (ಎದುರಾಳಿಯಿಂದ ಚೆಂಡು ಕಸಿದದ್ದು) ಲೆಕ್ಕ ಕೈಗೆ ಸುಲಭವಾಗಿ ಸಿಗುತ್ತದೆ, ಆದರೆ ಚೆಂಡಿಗೆ ಹಾರಿ ತಪ್ಪಿದ್ದು ಯಾವ ಲೆಕ್ಕದಲ್ಲೂ ಇರುವುದಿಲ್ಲ. ನಾನು ನೋಡುವುದು ಸ್ಕ್ರೀನ್ (ಡಿಫೆಂಡರ್‌ನ ದಾರಿಗೆ ಎದುರಾಳಿ ಆಟಗಾರ ಅಡ್ಡ ನಿಲ್ಲುವುದು) ಬಂದಾಗ ಏನು ಮಾಡುತ್ತಾನೆ ಅಂತ. ಭುಜ ತೂರಿಸಿ ದಾಟುತ್ತಾನಾ, ಅಲ್ಲೇ ಸಿಕ್ಕಿಹಾಕಿಕೊಳ್ಳುತ್ತಾನಾ? ಎರಡನೇ ಸ್ಕ್ರೀನ್‌ಗೂ ಅದೇ ಹುರುಪು ಇದೆಯಾ? ಇದಕ್ಕೆ ಪೂರ್ತಿ ಪಂದ್ಯ ನೋಡಬೇಕು, ಅದರಲ್ಲೂ ಚೆಂಡು ಇವನ ಕಡೆ ಇಲ್ಲದ ಹೊತ್ತು. ಹೈಲೈಟ್ ವಿಡಿಯೊದಲ್ಲಿ ಎಲ್ಲರೂ ಚೆನ್ನಾಗಿಯೇ ಆಡುತ್ತಾರೆ, ಅಲ್ವಾ? ತಂಡ ಜೋನ್ (ಒಬ್ಬೊಬ್ಬ ಎದುರಾಳಿಯನ್ನಲ್ಲ, ಒಂದೊಂದು ಜಾಗವನ್ನು ಕಾಯುವ ಡಿಫೆನ್ಸ್) ಆಡುತ್ತದಾ ಅಂತಲೂ ನೋಡಿಕೊಳ್ಳಬೇಕು. ಮತೀಸ್ ಥೈಬುಲ್ ಕಾಲೇಜಿನಲ್ಲಿ ಸ್ಟೀಲ್‌ಗಳ ಸುರಿಮಳೆ ಮಾಡಿದ್ದು ಜೋನ್‌ನಲ್ಲಿ. ಆದರೂ ಅವನ ಡಿಫೆನ್ಸ್ ಎನ್‌ಬಿಎಗೂ ಬಂತು. 2021, 2022 ಎರಡೂ ವರ್ಷ ಆಲ್ ಡಿಫೆನ್ಸಿವ್ ಎರಡನೇ ತಂಡದಲ್ಲಿದ್ದ. ಬರದೇ ಉಳಿದದ್ದು ಶಾಟ್. 2023ರ ಫೆಬ್ರವರಿಯಲ್ಲಿ ಫಿಲಡೆಲ್ಫಿಯಾ ಅವನನ್ನು ಪೋರ್ಟ್‌ಲ್ಯಾಂಡ್‌ಗೆ ಕಳಿಸಿತು.

ಹಾಗಾದರೆ ಕೊನೆಗೆ ಆಫೆನ್ಸ್ ಕಡೆಗೇ ಯಾಕೆ ವಾಲುತ್ತೇನೆ? ಒಬ್ಬ ಗಾರ್ಡ್ ಒಬ್ಬನೇ ತಂಡದ ಡಿಫೆನ್ಸ್ ಬದಲಾಯಿಸುವುದು ಅಪರೂಪ. ವರ್ಷದ ಅತ್ಯುತ್ತಮ ಡಿಫೆಂಡರ್ ಪ್ರಶಸ್ತಿ 1996ರಲ್ಲಿ ಗ್ಯಾರಿ ಪೇಟನ್‌ಗೆ ಬಂದ ಮೇಲೆ ಇನ್ನೊಬ್ಬ ಗಾರ್ಡ್‌ಗೆ ಸಿಕ್ಕಿದ್ದು 2022ರಲ್ಲಿ, ಮಾರ್ಕಸ್ ಸ್ಮಾರ್ಟ್‌ಗೆ. ನಡುವೆ ಎಲ್ಲ ದೊಡ್ಡವರೇ, ಬುಟ್ಟಿ ಕಾಯುವವರು ಇಲ್ಲವೇ ಉದ್ದ ಕೈಯ ಫಾರ್ವರ್ಡ್‌ಗಳು. ಆದರೆ ಆಫೆನ್ಸ್ ಶುರುವಾಗುವುದು ಗಾರ್ಡ್ ಕೈಯಲ್ಲಿ. 2016ರ ಫೈನಲ್‌ನಲ್ಲಿ ಕ್ಲೀವ್‌ಲ್ಯಾಂಡ್ ತಂಡ, ಗೋಲ್ಡನ್ ಸ್ಟೇಟ್‌ನ ತಾರೆ ಸ್ಟೀಫನ್ ಕರಿ ಕಾಯುತ್ತಿದ್ದವನನ್ನೇ ಮತ್ತೆ ಮತ್ತೆ ಸ್ಕ್ರೀನ್‌ಗೆ ಕರೆದು ಕರಿಯನ್ನು ಗೋಳು ಹುಯ್ದುಕೊಂಡಿತು. ಹಾಗಂತ 2009ರಲ್ಲಿ 7ನೇ ಪಿಕ್‌ನಲ್ಲಿ (ಡ್ರಾಫ್ಟ್‌ನ ಏಳನೇ ಆಯ್ಕೆಯಲ್ಲಿ) ಕರಿಯನ್ನು ಬಿಡಬೇಕಿತ್ತು ಅಂತ ಯಾರಾದರೂ ಹೇಳುತ್ತಾರಾ?

ಆದರೆ ಕರಿ ಅಲ್ಲದವರಿಗೆ ಇನ್ನೊಂದು ಲೆಕ್ಕ ಇದೆ. ಅದನ್ನು ನನ್ನ ಪುಸ್ತಕದಲ್ಲಿ ‘ಮರೆಸುವ ಖರ್ಚು’ ಅಂತ ಬರೆದುಕೊಳ್ಳುತ್ತೇನೆ, ಅಂದರೆ ಒಬ್ಬನ ಡಿಫೆನ್ಸ್ ಕೊರತೆ ಮುಚ್ಚಲು ತಂಡ ಮಾಡುವ ಖರ್ಚು. 2018ರಲ್ಲಿ ಅಟ್ಲಾಂಟಾ 3ನೇ ಪಿಕ್‌ನ ಲೂಕಾ ಡಾನ್ಚಿಚ್‌ನನ್ನು ಡಲ್ಲಾಸ್‌ಗೆ ಕೊಟ್ಟು, 5ನೇ ಪಿಕ್‌ನ ಟ್ರೇ ಯಂಗ್ ಜೊತೆಗೆ ಮುಂದಿನ ಡ್ರಾಫ್ಟ್‌ನ ಒಂದು ಮೊದಲ ಸುತ್ತಿನ ಪಿಕ್ (ಆರಿಸುವ ಹಕ್ಕು) ತೆಗೆದುಕೊಂಡಿತು. ಯಂಗ್ ಆ ವರ್ಷ ಕಾಲೇಜು ಬಾಸ್ಕೆಟ್‌ಬಾಲ್‌ನಲ್ಲಿ ಪಾಯಿಂಟ್ ಮತ್ತು ಅಸಿಸ್ಟ್ (ಇನ್ನೊಬ್ಬನಿಗೆ ಪಾಯಿಂಟ್ ತಂದುಕೊಡುವ ಪಾಸ್) ಎರಡರಲ್ಲೂ ಮೊದಲಿಗ. 2021ರಲ್ಲಿ ತಂಡವನ್ನು ಈಸ್ಟರ್ನ್ ಕಾನ್ಫರೆನ್ಸ್ ಫೈನಲ್‌ವರೆಗೆ ಎಳೆದುಕೊಂಡೂ ಹೋದ. ಅವನ ಆಫೆನ್ಸ್ ಬಗ್ಗೆ ತಕರಾರೇ ಇಲ್ಲ. ಆದರೆ 2022ರಲ್ಲಿ ಅಟ್ಲಾಂಟಾ ಅವನ ಪಕ್ಕಕ್ಕೆ ಡೀಜಾಂಟೆ ಮರ್ರೆಯನ್ನು ತರಲು ಮೂರು ಮೊದಲ ಸುತ್ತಿನ ಪಿಕ್ ಕೊಟ್ಟಿತು. ಎದುರಾಳಿಯ ಒಳ್ಳೆಯ ಗಾರ್ಡ್‌ನನ್ನು ಕಾಯಲು ಒಬ್ಬ ಬೇಕಿತ್ತು. ಎರಡು ವರ್ಷ ಕಳೆದು ಮರ್ರೆಯನ್ನೂ ಕಳಿಸಿಬಿಟ್ಟರು. ಈ ಖರ್ಚು ಯಂಗ್‌ನ ಅಂಕಿಅಂಶದಲ್ಲಿ ಎಲ್ಲೂ ಕಾಣುವುದಿಲ್ಲ, ತಂಡದ ಲೆಕ್ಕದಲ್ಲಿ ಕಾಣುತ್ತದೆ. ಎತ್ತರ ಕಡಿಮೆ ಇರುವ ಗಾರ್ಡ್‌ನನ್ನು ಮೇಲೆ ಇಡುವಾಗ ಇದನ್ನು ಕಳೆದೇ ಇಡುತ್ತೇನೆ. ಡಾನ್ಚಿಚ್ ಕೂಡ ಹೇಳಿಕೊಳ್ಳುವಂಥ ಡಿಫೆಂಡರ್ ಅಲ್ಲ, ಆದರೆ ಆ ಮೈಕಟ್ಟಿಗೆ ಇಷ್ಟು ಖರ್ಚು ಬೀಳುವುದಿಲ್ಲ.

ಪಟ್ಟಿಯಲ್ಲಿ ಕೆಳಗಿಳಿದಂತೆ ನನ್ನ ಲೆಕ್ಕ ತಿರುಗುತ್ತದೆ. 20ನೇ ಪಿಕ್‌ನ ಆಚೆ ತಂಡವನ್ನೇ ಹೊರುವ ಗಾರ್ಡ್ ಸಿಗುವುದು ಲಾಟರಿ. ಡಿಫೆನ್ಸ್ ಬಲ್ಲ ಗಾರ್ಡ್ ಮಾತ್ರ ಧಾರಾಳವಾಗಿ ಸಿಗುತ್ತಾನೆ. ಡೆರಿಕ್ ವೈಟ್ 2017ರಲ್ಲಿ 29ನೇ ಪಿಕ್. ಅಲೆಕ್ಸ್ ಕರೂಸೊ, ಲು ಡಾರ್ಟ್ ಇಬ್ಬರನ್ನೂ ಡ್ರಾಫ್ಟ್‌ನಲ್ಲಿ ಯಾರೂ ತೆಗೆದುಕೊಳ್ಳಲೇ ಇಲ್ಲ, 2025ರಲ್ಲಿ ಒಕ್ಲಹೋಮಾ ಸಿಟಿಯ ಚಾಂಪಿಯನ್ ತಂಡದಲ್ಲಿದ್ದರು. ಡಾರ್ಟ್ ಮೊದಲ ವರ್ಷ ಮೂರು ಪಾಯಿಂಟ್ ಶಾಟ್ ಶೇ 30ರ ಆಸುಪಾಸಿನಲ್ಲಿ ಹೊಡೆಯುತ್ತಿದ್ದ. 2024-25ರಲ್ಲಿ ಅದು ಶೇ 41. ಬರೀ ಡಿಫೆನ್ಸ್ ಇದ್ದಿದ್ದರೆ ಅವನ ಕಥೆಯೂ ಅಲೆನ್ ಕಥೆಯೇ ಆಗುತ್ತಿತ್ತೇನೋ.

ನನ್ನ ವಿಧಾನಕ್ಕೆ ಗಟ್ಟಿ ಪರೀಕ್ಷೆ 2024. ಕೆಂಟಕಿ ಕಾಲೇಜು ತಂಡದ ರೀಡ್ ಶೆಪರ್ಡ್ ಮೂರು ಪಾಯಿಂಟ್ ಶೇ 52.1 ಹೊಡೆದು 3ನೇ ಪಿಕ್ ಆದ. ಕನೆಕ್ಟಿಕಟ್ ಕಾಲೇಜು ತಂಡದ ಸ್ಟೆಫಾನ್ ಕ್ಯಾಸಲ್ ಶೇ 27ಕ್ಕಿಂತ ಕಡಿಮೆ ಹೊಡೆದೂ 4ನೇ ಪಿಕ್. ಮುಂದಿನ ವರ್ಷ ರೂಕಿ ಆಫ್ ದಿ ಇಯರ್ (ವರ್ಷದ ಅತ್ಯುತ್ತಮ ಹೊಸ ಆಟಗಾರ) ಆದದ್ದು ಕ್ಯಾಸಲ್. ಗೆಳೆಯನೊಬ್ಬ ‘ನೋಡಿದ್ಯಾ, ಡಿಫೆನ್ಸೇ ಮೊದಲು’ ಅಂದ. ನಾನು ಒಪ್ಪಲಿಲ್ಲ. ಕ್ಯಾಸಲ್‌ಗೆ ಪ್ರಶಸ್ತಿ ಬಂದದ್ದು ಚೆಂಡು ಹಿಡಿದು ಬುಟ್ಟಿಯ ಕಡೆ ನುಗ್ಗಿದ್ದಕ್ಕೆ, ಅದು ಆಫೆನ್ಸೇ. ಡಿಫೆನ್ಸ್ ಅವನಿಗೆ ಕೊಟ್ಟದ್ದು ಅಂಕಣದ ಮೇಲಿನ ನಿಮಿಷಗಳನ್ನು. ಗೆಲ್ಲುವ ತಂಡ ಸೇರಿದ ಶೆಪರ್ಡ್‌ಗೆ ಮೊದಲ ವರ್ಷ ಆ ನಿಮಿಷಗಳೇ ಸಿಗಲಿಲ್ಲ.

ಅದೇ ಗೆಳೆಯನ ಇನ್ನೊಂದು ಅಸ್ತ್ರ ಜೇಲನ್ ಬ್ರನ್ಸನ್. 6 ಅಡಿ 2 ಇಂಚು, 2018ರಲ್ಲಿ ಡಲ್ಲಾಸ್‌ನ 33ನೇ ಪಿಕ್, 2022ರಲ್ಲಿ ಒಪ್ಪಂದ ಮುಗಿದ ಮೇಲೆ ನ್ಯೂಯಾರ್ಕ್ ಸೇರಿದ, ಈಗ ಅದರ ಆಧಾರ. ‘ನಿನ್ನ ಎರಡನೇ ಪ್ರಶ್ನೆಯಲ್ಲೇ ಇವನು ಫೇಲ್’ ಅನ್ನುತ್ತಾನೆ. ನಿಜ, ಫೇಲ್. ಅವನ ಸುತ್ತ ಡಿಫೆನ್ಸ್ ಬಲ್ಲ ಆನುನೋಬಿ, ಬ್ರಿಡ್ಜಸ್ ಅವರಂಥವರನ್ನು ನ್ಯೂಯಾರ್ಕ್ ನಿಲ್ಲಿಸಬೇಕಾಯಿತು, ಅದಕ್ಕೆ ಆಟಗಾರರನ್ನೂ ರಾಶಿ ಪಿಕ್‌ಗಳನ್ನೂ ಸುರಿಯಿತು. ಆದರೆ ಮೇಲಿನ ಪಿಕ್ ಖರ್ಚು ಮಾಡದೆ ಸಿಕ್ಕವನಿಗೆ ಆ ಖರ್ಚು ಮಾಡುವುದು ಬೇರೆ, 3ನೇ ಪಿಕ್ ಕೊಟ್ಟು ಮೇಲೆ ಅದನ್ನೂ ಸುರಿಯುವುದು ಬೇರೆ ಅನ್ನುವುದು ನನ್ನ ವಾದ. ಗೆಳೆಯ ಇನ್ನೂ ಒಪ್ಪಿಲ್ಲ.