ಲ್ಯಾಕ್ ಮೇಜಿನೊಳಗೆ ಮನೆಯ ಸರ್ವರ್: ಟೊಳ್ಳು ಕಾಲಿನಿಂದ ಭಾರ ಹೊರಿಸುವ ಕ್ರಮ

ಐಕಿಯಾ ಮಳಿಗೆಯ ಲ್ಯಾಕ್ ಎಂಬ ಚಿಕ್ಕ ಮೇಜಿನ ಎರಡು ಕಾಲುಗಳ ನಡುವೆ 450 ಮಿ.ಮೀ. ಜಾಗವಿದೆ. ಸರ್ವರ್, ನೆಟ್‌ವರ್ಕ್ ಸ್ವಿಚ್ ಕೂರಿಸುವ 19 ಇಂಚಿನ ರ‍್ಯಾಕ್‌ನ ಎರಡು ಕಂಬಗಳ ನಡುವೆ ಬೇಕಾದ ತೆರಪೂ ಅಷ್ಟೇ. ಇದು ಯಾರೂ ಲೆಕ್ಕ ಹಾಕಿ ಮಾಡಿದ್ದಲ್ಲ, ತಾನಾಗಿ ಕೂಡಿಬಂದದ್ದು. ನೆದರ್‌ಲೆಂಡ್ಸ್‌ನ ಈಥ್‌ಝೀರೋ ಎಂಬ ಹ್ಯಾಕರ್ ಕೂಟದಲ್ಲಿ 2010ರ ಚಳಿಗಾಲದಲ್ಲಿ ಈ ಮೇಜನ್ನೇ ರ‍್ಯಾಕ್ ಮಾಡಿ ತೋರಿಸಿದ ಮೇಲೆ ‘ಲ್ಯಾಕ್‌ರ‍್ಯಾಕ್’ ಎಂಬ ಹೆಸರೇ ನಿಂತುಹೋಯಿತು. 2022ರಲ್ಲಿ ನಾಗಸಂದ್ರದಲ್ಲಿ ಮಳಿಗೆ ತೆರೆದಾಗಿನಿಂದ ಬೆಂಗಳೂರಿನಲ್ಲೂ ಈ ಮೇಜು ಸುಲಭವಾಗಿ ಸಿಗುತ್ತದೆ.

ಆದರೆ ಚಿತ್ರಗಳಲ್ಲಿ ಕಾಣುವ ಹಾಗೆ ಸ್ವಿಚ್ಚಿನ ಮುಂಬದಿಯಲ್ಲಿ ಎರಡೂ ಪಕ್ಕಕ್ಕೆ ಚಾಚಿದ ಲೋಹದ ಕಿವಿಗಳನ್ನು ಮೇಜಿನ ಕಾಲಿಗೆ ನೇರವಾಗಿ ಸ್ಕ್ರೂ ಹೊಡೆದರೆ ಹೆಚ್ಚು ದಿನ ನಿಲ್ಲುವುದಿಲ್ಲ. ಮೇಜು ಹಗುರಾಗಿರಲೆಂದು ಕಾಲನ್ನು ಟೊಳ್ಳಾಗಿಯೇ ಮಾಡಿರುತ್ತಾರೆ. ಮೇಲ್ತುದಿಯಲ್ಲಿ, ಹಲಗೆಗೆ ಸೇರುವ ಕಡೆ ಮಾತ್ರ ಗಟ್ಟಿ ತುಂಡಿದೆ. ಅದರ ಕೆಳಗೆ ತೆಳುವಾದ ಫೈಬರ್ ಬೋರ್ಡಿನ ಚಿಪ್ಪು, ಒಳಗೆಲ್ಲ ಖಾಲಿ. ಬೆರಳ ಗಿಣ್ಣಿನಿಂದ ಮೇಲಿಂದ ಕೆಳಕ್ಕೆ ತಟ್ಟುತ್ತ ಬಂದರೆ ‘ಟಕ್’ ಎನ್ನುವ ಸದ್ದು ‘ಡಬ್’ ಎಂದು ಬದಲಾಗುವ ಜಾಗ ಗೊತ್ತಾಗುತ್ತದೆ. ಅಲ್ಲಿ ಪೆನ್ಸಿಲ್ ಗುರುತು ಹಾಕಿಕೊಳ್ಳಿ. ಗುರುತಿಗಿಂತ ಮೇಲ್ಗಡೆ ಸ್ಕ್ರೂ ಹಿಡಿಯುತ್ತದೆ, ಕೆಳಗೆ ಹಿಡಿದಂತೆ ತೋರಿ ಒಂದೆರಡು ತಿಂಗಳಲ್ಲಿ ಕಿತ್ತು ಬರುತ್ತದೆ. ಕಿವಿಯ ತೂತಿನ ನಡುಭಾಗ ಕಾಲಿನ ಒಳಅಂಚಿನಿಂದ ಏಳೂವರೆ ಮಿ.ಮೀ.ಗೆ ಬೀಳುವುದರಿಂದ ಅಂಚು ಸೀಳುವುದೂ ಉಂಟು.

ಹಾಗಾಗಿ ನಾನು ಕಿವಿಗಳ ಮೇಲೆ ಭಾರ ಹಾಕುವುದೇ ಇಲ್ಲ. ಮುಂದಿನ ಕಾಲಿನಿಂದ ಹಿಂದಿನ ಕಾಲಿಗೆ ಅಲ್ಯುಮಿನಿಯಂ ಎಲ್-ಆ್ಯಂಗಲ್ ಹಳಿ ಕಟ್ಟುತ್ತೇನೆ. ಉಪಕರಣ ಅದರ ಮೇಲೆ ಕೂರುತ್ತದೆ. ಕಿವಿಗೊಂದು ಸ್ಕ್ರೂ ಹಾಕುವುದು ಮುಂದಕ್ಕೆ ಜಾರದಿರಲಿ ಎಂದಷ್ಟೇ.

ಆ್ಯಂಗಲ್ ದಪ್ಪದಲ್ಲಿ ಎಚ್ಚರ ಬೇಕು. 25×25×2 ಮಿ.ಮೀ. ತಂದರೆ ಎರಡೂ ಬದಿ ಸೇರಿ 4 ಮಿ.ಮೀ. ಹೋಗಿ 446 ಉಳಿಯುತ್ತದೆ. ಹೆಚ್ಚಿನ ಸ್ವಿಚ್‌ಗಳ ಒಡಲು 440 ಆಸುಪಾಸು ಇರುವುದರಿಂದ ಸಲೀಸಾಗಿ ಕೂರುತ್ತದೆ. ಗಟ್ಟಿ ಇರಲಿ ಎಂದು 3 ಮಿ.ಮೀ. ದಪ್ಪದ್ದು ತಂದರೆ ಉಳಿಯುವುದು 444. ಕೆಲವು ಸರ್ವರ್ ಪೆಟ್ಟಿಗೆಗಳು ಅಲ್ಲಿಗೇ ಸಿಕ್ಕಿಕೊಳ್ಳುತ್ತವೆ. ಅಲ್ಯುಮಿನಿಯಂ ಸೆಕ್ಷನ್ ಮಾರುವ ಅಂಗಡಿಯಲ್ಲಿ 12 ಅಡಿಯ ಉದ್ದನೆಯ ತುಂಡು ಸಿಗುತ್ತದೆ. ಅದರಿಂದ 550 ಮಿ.ಮೀ.ನ ಆರು ಹಳಿ, ಅಂದರೆ ಮೂರು ಜೋಡಿ ಬರುತ್ತವೆ. ಅಂಗಡಿಯಲ್ಲೇ ಕತ್ತರಿಸಿಕೊಂಡು, ತುದಿಗಳನ್ನು ಅರದಿಂದ ಉಜ್ಜಿಬಿಡಿ. ಕತ್ತರಿಸಿದ ಅಂಚು ಕೈ ಕೊಯ್ಯುತ್ತದೆ, ಕೇಬಲ್ಲನ್ನೂ ಕೊಯ್ಯುತ್ತದೆ.

ಟೊಳ್ಳು ಕಾಲಿಗೆ ಬೋಲ್ಟ್ ತೂರಿಸಿ ಬಿಗಿದರೆ ಚಿಪ್ಪು ಒಳಕ್ಕೆ ಕುಸಿಯುತ್ತದೆ. ಇಡೀ ಕೆಲಸದ ಗುಟ್ಟು ಇಲ್ಲಿದೆ: ಬೋಲ್ಟಿನ ಸುತ್ತ ಒಂದು ಲೋಹದ ಕೊಳವೆ ಇರಬೇಕು. ಹೊರಗೆ 8, ಒಳಗೆ 6 ಮಿ.ಮೀ. ಅಡ್ಡಳತೆಯ ಅಲ್ಯುಮಿನಿಯಂ ಕೊಳವೆಯನ್ನು 50 ಮಿ.ಮೀ. ಉದ್ದಕ್ಕೆ, ಅಂದರೆ ಕಾಲಿನ ದಪ್ಪಕ್ಕೆ ಸರಿಯಾಗಿ ಕತ್ತರಿಸಿಕೊಳ್ಳಿ. ಕಾಲಿಗೆ ಮೊದಲು 3 ಮಿ.ಮೀ. ಬಿಟ್‌ನಿಂದ ತೂತು ಹಾಕಿ, ಆಮೇಲೆ 8ರದ್ದು. ಬಣ್ಣದ ಪದರ ಎದ್ದು ಬರದಿರಲು ಕಾಗದದ ಮಾಸ್ಕಿಂಗ್ ಟೇಪ್ ಅಂಟಿಸಿ ಅದರ ಮೇಲೇ ಕೊರೆಯಿರಿ. ಅರ್ಧ ಈ ಕಡೆಯಿಂದ, ಅರ್ಧ ಆ ಕಡೆಯಿಂದ ಕೊರೆದರೆ ಹೊರಬದಿ ಒಡೆಯುವುದಿಲ್ಲ. ಕೊಳವೆ ತೂರಿಸಿ, ಎಂ5 ಅಳತೆಯ 60 ಮಿ.ಮೀ. ಉದ್ದದ ಸಿಎಸ್‌ಕೆ ತಲೆಯ (ತೂತಿನ ಬಾಯೊಳಗೆ ಮಟ್ಟಸವಾಗಿ ಇಳಿಯುವ ಚಪ್ಪಟೆ ತಲೆಯ) ಬೋಲ್ಟನ್ನು ಒಳಗಿನಿಂದ ಹೊರಕ್ಕೆ ಹಾಕಿ. ಹೊರಗೆ ಅಗಲ ವಾಷರ್, ಅದರ ಮೇಲೆ ಅಲುಗಾಟಕ್ಕೆ ಸಡಿಲವಾಗದ ನೈಲಾಕ್ ನಟ್. ಈಗ ಬಿಗಿತವೆಲ್ಲ ಕೊಳವೆಯ ಮೇಲೆ ಬೀಳುತ್ತದೆ, ಚಿಪ್ಪು ಹಾಗೇ ಉಳಿಯುತ್ತದೆ. ಸಿಎಸ್‌ಕೆಯೇ ಬೇಕು. ಗುಂಡುತಲೆಯ ಬೋಲ್ಟ್ ಹಾಕಿದರೆ ತಲೆ ಸುಮಾರು 3 ಮಿ.ಮೀ. ಹೊರಚಾಚಿ, ಲೆಕ್ಕ ಹಾಕಿ ಉಳಿಸಿದ ಜಾಗವನ್ನೆಲ್ಲ ತಿಂದುಬಿಡುತ್ತದೆ. ಆ್ಯಂಗಲ್‌ನ ತೂತಿನ ಬಾಯನ್ನು ಕೌಂಟರ್‌ಸಿಂಕ್ ಬಿಟ್‌ನಿಂದ ಅಗಲಿಸಿ, ತಲೆ ಮಟ್ಟಸವಾಗಿ ಇಳಿಯಬೇಕು.

ಒಂದು ಜೋಡಿ ಹಳಿಗೆ ನಾಲ್ಕು ಬೋಲ್ಟ್, ಮೂರು ಜೋಡಿಗೆ ಹನ್ನೆರಡು. ಎಡಗಡೆಯ ಹಳಿ ಕಟ್ಟಿದ ಮೇಲೆ ಬಲಗಡೆಯದನ್ನು ಟೇಪಿನಿಂದ ಅಳೆದು ಗುರುತು ಮಾಡಬೇಡಿ. ಎರಡರ ಮೇಲೂ ಅಡ್ಡಪಟ್ಟಿ ಇಟ್ಟು ರಸಮಟ್ಟದಿಂದಲೇ ನೋಡಿ. 2 ಮಿ.ಮೀ. ಏರುಪೇರಾದರೂ ಸ್ವಿಚ್ ಒಂದು ಮೂಲೆಯಲ್ಲಿ ಕುಂಟುತ್ತದೆ.

ಎತ್ತರದ ಲೆಕ್ಕ ಚಿಕ್ಕದು. ಮೇಜು 45 ಸೆಂ.ಮೀ. ಎತ್ತರ, ಹಲಗೆ 5 ಕಳೆದರೆ 40. ರ‍್ಯಾಕ್‌ನ ಒಂದು ‘ಯು’ ಎಂದರೆ 44.45 ಮಿ.ಮೀ. ಒಂಬತ್ತು ಯು ಹಿಡಿಸಲು 400.05 ಮಿ.ಮೀ. ಬೇಕಾಗುತ್ತದೆ, ಆದ್ದರಿಂದ ಎಂಟು ಎಂದೇ ಇಟ್ಟುಕೊಳ್ಳಿ. ನೆಲದಿಂದ ಬಿಡಬೇಕಾದ ಜಾಗವನ್ನೂ ಕಳೆದರೆ ಏಳು.

ಮನೆಯಲ್ಲಿರುವ ಸಾಮಾನಿನಲ್ಲಿ 19 ಇಂಚಿನದು ಕಡಿಮೆ. ರೌಟರ್, ಫೈಬರ್ ಇಂಟರ್ನೆಟ್ ಮನೆಯೊಳಗೆ ಬಂದು ಸೇರುವ ಓಎನ್‌ಟಿ ಪೆಟ್ಟಿಗೆ, ಮಿನಿ ಪಿಸಿ, ಎರಡು ಡಿಸ್ಕಿನ ನ್ಯಾಸ್ (ಮನೆಯವರೆಲ್ಲರ ಕಡತ ನೆಟ್‌ವರ್ಕ್ ಮೂಲಕ ಕೂಡಿಡುವ ಪೆಟ್ಟಿಗೆ), ಒಂದೆರಡು ರಾಸ್ಪ್‌ಬೆರಿ ಪೈ ಪುಟ್ಟ ಕಂಪ್ಯೂಟರ್, ಹೆಚ್ಚಿನವರಲ್ಲಿ ಇಷ್ಟೇ ಇರುತ್ತದೆ. ಇವಕ್ಕೆ 12 ಮಿ.ಮೀ. ಪ್ಲೈವುಡ್ಡನ್ನು 444×500 ಅಳತೆಗೆ ಕತ್ತರಿಸಿ ಹಳಿಯ ಮೇಲೆ ಡ್ರಾಯರ್ ಹಾಗೆ ಜಾರುವಂತೆ ಇಡುತ್ತೇನೆ. ಹಳಿಗೆ ಒಂದಿಷ್ಟು ಮೇಣದಬತ್ತಿ ಉಜ್ಜಿದರೆ ಸರಾಗವಾಗಿ ಬರುತ್ತದೆ. ಪ್ರತಿ ಕೇಬಲ್ಲಿಗೂ ಹಿಂದೆ 30 ಸೆಂ.ಮೀ. ಸಡಿಲು ಬಿಡಿ. ಬಿಗಿಯಾಗಿ ಕಟ್ಟಿದ ಕೇಬಲ್ ನೋಡಲು ಚೆಂದ, ಆದರೆ ಈ ಪ್ಲೈ ತಟ್ಟೆ ಎಳೆದ ಮೊದಲ ದಿನವೇ ಪ್ಲಗ್ ಕಳಚಿ ಇಡೀ ಮನೆಯ ಇಂಟರ್ನೆಟ್ ಹೋಗುತ್ತದೆ.

ನ್ಯಾಸ್ ಮಾತ್ರ ಎಲ್ಲಕ್ಕಿಂತ ಕೆಳಗಿನ ತಟ್ಟೆಯಲ್ಲಿರಲಿ. ಮೇಜಿನ ಹಲಗೆಯೂ ಒಳಗೆ ಟೊಳ್ಳು. ಅದರ ಮೇಲೆ 3.5 ಇಂಚಿನ ಎರಡು ಡಿಸ್ಕ್ ತಿರುಗತೊಡಗಿದರೆ ಹಲಗೆಯೇ ತಮಟೆಯಾಗಿ ರಾತ್ರಿಯೆಲ್ಲ ಗುಂಯ್ ಎನ್ನುತ್ತದೆ. ಕೆಳಗೆ ಪ್ಲೈ ಮೇಲೆ 6 ಮಿ.ಮೀ. ರಬ್ಬರ್ ಹಾಳೆ ಹಾಸಿ ಇಟ್ಟರೆ ಸದ್ದು ಬಹುಪಾಲು ಅಡಗುತ್ತದೆ. ಹಲಗೆಯ ಮೇಲೆ ರೌಟರ್ ಇಡುವುದು ಸೂಕ್ತ, ಮರದ ಮೂಲಕ ವೈಫೈ ಹಾದುಹೋಗುತ್ತದೆ, ಸ್ಟೀಲ್ ರ‍್ಯಾಕಿನ ತೊಂದರೆ ಇಲ್ಲಿಲ್ಲ. ಹಲಗೆ ಹೊರಬಲ್ಲ ಭಾರ 25 ಕೆ.ಜಿ. ಎಂದು ತಯಾರಕರೇ ಹೇಳಿದ್ದಾರೆ, ಅದರ ಅರ್ಧಕ್ಕೆ ನಿಲ್ಲಿಸುವುದು ನನ್ನ ಅಭ್ಯಾಸ. ಸೀಸದ ಬ್ಯಾಟರಿ ಇರುವ ಯುಪಿಎಸ್ ಮೇಜಿನೊಳಗೆ ಬೇಡ, ಪಕ್ಕದಲ್ಲಿ ನೆಲದ ಮೇಲಿರಲಿ.

ಮೇಜು ಪಕ್ಕಕ್ಕೆ ತೂಗಾಡುವುದು ಇನ್ನೊಂದು ತೊಡಕು. ಪ್ರತಿ ಕಾಲೂ ಮೇಲೆ ಒಂದೇ ಸ್ಕ್ರೂವಿನಲ್ಲಿ ನಿಂತಿದೆ. ಜೋಡಿಸುವಾಗಲೇ ಕಾಲಿನ ನೆತ್ತಿಗೆ ಫೆವಿಕಾಲ್ ಬಳಿದು ತಿರುಗಿಸಿದರೆ ಅರ್ಧ ಗುಣವಾಗುತ್ತದೆ. ಆದರೆ ಮನೆ ಬದಲಿಸುವಾಗ ಮತ್ತೆ ಬಿಚ್ಚಲಾಗದು. ಬಾಡಿಗೆ ಮನೆಯವರು ಅಂಟು ಬಿಟ್ಟು, ಹಿಂಬದಿಯ ಎರಡು ಕಾಲಿಗೆ ಮೂಲೆಯಿಂದ ಮೂಲೆಗೆ 25×3 ಮಿ.ಮೀ. ಅಲ್ಯುಮಿನಿಯಂ ಪಟ್ಟಿ ಕಟ್ಟಿ, ಅದೇ ಕೊಳವೆ-ಬೋಲ್ಟ್ ಕ್ರಮದಲ್ಲಿ. ಹಿಂಬದಿಗೆ ಪೂರ್ತಿ ಪ್ಲೈ ಹೊಡೆದರೆ ಇನ್ನೂ ಗಟ್ಟಿ ಎನಿಸಬಹುದು, ಆದರೆ ಗಾಳಿ ಹೋಗಲು ದಾರಿಯೇ ಇರುವುದಿಲ್ಲ.

ಬಿಸಿಯ ವಿಷಯಕ್ಕೆ ಬಂದರೆ, ಮರ ಶಾಖವನ್ನು ಹೊರಗೆ ಸಾಗಿಸುವುದಿಲ್ಲ. ಮೇಲಿನ ಹಲಗೆಯ ಕೆಳಗೆ ಬಿಸಿಗಾಳಿ ಮಡುಗಟ್ಟುತ್ತದೆ. ಹಿಂಭಾಗದಲ್ಲಿ ಹಲಗೆಗೆ ತಾಗುವಷ್ಟು ಮೇಲೆ, ಹೊರಕ್ಕೆ ಊದುವಂತೆ ಒಂದು 120 ಮಿ.ಮೀ. ಫ್ಯಾನ್ ಕೂರಿಸಿದ್ದೇನೆ. 12 ವೋಲ್ಟಿನದನ್ನು 7 ವೋಲ್ಟಿಗೆ ಓಡಿಸಿದರೆ ಸದ್ದು ಕೇಳಿಸುವುದಿಲ್ಲ. ಏಪ್ರಿಲ್ ಮಧ್ಯಾಹ್ನ ಫ್ಯಾನ್ ಇಲ್ಲದೆ ಡಿಸ್ಕ್ 51 ಡಿಗ್ರಿ ತೋರಿಸುತ್ತಿತ್ತು, ಫ್ಯಾನ್ ಹಾಕಿದ ಮೇಲೆ 43ಕ್ಕೆ ನಿಂತಿತು. ಮುಂಬದಿಗೆ ಕಿಟಕಿಯ ಸೊಳ್ಳೆ ಪರದೆಯ ನೈಲಾನ್ ಬಲೆಯನ್ನು ವೆಲ್ಕ್ರೋದಿಂದ ಅಂಟಿಸಿ. ಧೂಳು ತಡೆಯುವುದಕ್ಕಿಂತ ಮುಖ್ಯವಾಗಿ ಜಿರಳೆ, ಹಲ್ಲಿ ಬೆಚ್ಚನೆಯ ಜಾಗ ಹುಡುಕಿ ಬರುವುದು ತಪ್ಪುತ್ತದೆ. ತಿಂಗಳಿಗೊಮ್ಮೆ ತೆಗೆದು ನಲ್ಲಿ ನೀರಿನಲ್ಲಿ ತೊಳೆದು ಒಣಗಿಸಿ ಹಾಕಿ.

ವಿದ್ಯುತ್ತಿನಲ್ಲಿ ಕೈ ಹಗುರ ಮಾಡಬೇಡಿ. ಇದು ಉರಿಯುವ ವಸ್ತುವಿನ ಗೂಡು. ಸ್ಪೈಕ್ ಗಾರ್ಡನ್ನು ಹಿಂದಿನ ಕಾಲಿಗೆ ನೆಟ್ಟಗೆ, ನೆಲದಿಂದ 15 ಸೆಂ.ಮೀ. ಮೇಲೆ ಕಟ್ಟಿ. ರೌಟರ್, ಓಎನ್‌ಟಿ, ಸ್ವಿಚ್ಚಿಗೆ ಬೇರೆ ಬೇರೆ ಅಡಾಪ್ಟರ್ ಬದಲು ಒಂದೇ 12 ವೋಲ್ಟ್ ಎಸ್‌ಎಂಪಿಎಸ್ (ಮನೆಯ 230 ವೋಲ್ಟನ್ನು ಇಳಿಸಿ ಕೊಡುವ ಪೆಟ್ಟಿಗೆ) ಇಡಬಹುದು. ಆದರೆ ಪ್ರತಿಯೊಂದರ ಹಿಂದೆ ಬರೆದ ವೋಲ್ಟೇಜನ್ನು ಓದಿಯೇ ಜೋಡಿಸಿ, 9 ವೋಲ್ಟಿನ ರೌಟರ್‌ಗಳೂ ಇವೆ. ಪಿನ್ ಕೂಡ ಎರಡು ಬಗೆ: 5.5×2.1 ಮತ್ತು 5.5×2.5 ಮಿ.ಮೀ. 2.5ರ ಪ್ಲಗ್ 2.1ರ ಸಾಕೆಟ್ಟಿಗೆ ಸಡಿಲವಾಗಿ ಹೋಗುತ್ತದೆ, ಕೆಲಸವನ್ನೂ ಮಾಡುತ್ತದೆ, ಮೇಜು ಅಲುಗಿದಾಗ ಮಾತ್ರ ರೌಟರ್ ರೀಸ್ಟಾರ್ಟ್ ಆಗುತ್ತದೆ. ಈ ದೋಷ ಹುಡುಕುವುದು ಬಲು ಕಷ್ಟ. ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ ಸಿಗುವ ಜಾಲರಿ ಪೆಟ್ಟಿಗೆಯ ಎಸ್‌ಎಂಪಿಎಸ್‌ನಲ್ಲಿ 230 ವೋಲ್ಟಿನ ಸ್ಕ್ರೂಗಳು ಬೆರಳಿಗೆ ಸಿಗುವಂತಿರುತ್ತವೆ. ಅದಕ್ಕೆ ಮುಚ್ಚಳ ಹಾಕಿ, ಅರ್ಥ್ ಕೊಟ್ಟು, ಮರಕ್ಕೆ ತಾಗದಂತೆ 10 ಮಿ.ಮೀ. ಸ್ಪೇಸರ್ ಮೇಲೆ ಕೂರಿಸಿ. ಪ್ರತಿ 12 ವೋಲ್ಟ್ ತಂತಿಗೂ 2 ಆಂಪ್ ಫ್ಯೂಸ್ ಇರಲಿ. ನ್ಯಾಸನ್ನು ಈ ಸಾಲಿಗೆ ಸೇರಿಸಬೇಡಿ: 3.5 ಇಂಚಿನ ಡಿಸ್ಕ್ ತಿರುಗಲು ಶುರುವಾಗುವ ಕ್ಷಣದಲ್ಲಿ ಒಂದೊಂದೂ 2 ಆಂಪ್ ಹತ್ತಿರ ಎಳೆಯುತ್ತದೆ, ಆ ಹೊತ್ತಿಗೆ ರೌಟರ್ ತೂಕಡಿಸುತ್ತದೆ. ಪೈ 4ಕ್ಕೆ 5 ವೋಲ್ಟ್ 3 ಆಂಪ್ ಬೇಕು. 12 ವೋಲ್ಟನ್ನು 5ಕ್ಕೆ ಇಳಿಸುವ ಎಲ್‌ಎಂ2596 ಮಾಡ್ಯೂಲಿನ ಮೇಲೆ 3 ಆಂಪ್ ಎಂದಿದ್ದರೂ ಹೀಟ್‌ಸಿಂಕ್ ಇಲ್ಲದೆ 2 ದಾಟಿಸಬಾರದು, ಹಾಗಾಗಿ ಪೈಗೆ ಅದರದೇ ಅಡಾಪ್ಟರ್ ಇಡುವುದೇ ಲೇಸು.

ಹಳೆಯ ರ‍್ಯಾಕ್ ಸರ್ವರ್ ಅಗ್ಗಕ್ಕೆ ಸಿಕ್ಕರೂ ಕೊಳ್ಳುವ ಮುನ್ನ ಲೆಕ್ಕ ಹಾಕಿ. ಸುಮ್ಮನೆ ಕೂತಾಗಲೇ 130 ವ್ಯಾಟ್ ತಿನ್ನುವ ಯಂತ್ರ ತಿಂಗಳಿಗೆ 93 ಯೂನಿಟ್ ದಾಟುತ್ತದೆ. 12 ವ್ಯಾಟಿನ ಮಿನಿ ಪಿಸಿ ಒಂಬತ್ತು ಯೂನಿಟ್ಟಿನೊಳಗೆ ಮುಗಿಸುತ್ತದೆ. ಗೃಹಜ್ಯೋತಿ ಫಲಾನುಭವಿಗಳಿಗೆ ಇದು ಇನ್ನೂ ಮುಖ್ಯ: ಬಳಕೆ 200 ಯೂನಿಟ್ ದಾಟಿದರೆ ಆ ತಿಂಗಳ ಪೂರ್ತಿ ಬಿಲ್ಲನ್ನೂ ಕಟ್ಟಬೇಕು. ನನ್ನ ಇಡೀ ಗೂಡು 45 ವ್ಯಾಟ್, ಅಂದರೆ ತಿಂಗಳಿಗೆ 32 ಯೂನಿಟ್. ಇಷ್ಟಕ್ಕೆ 600 ವಿಎ ಯುಪಿಎಸ್ ಹೊಸ ಬ್ಯಾಟರಿಯಲ್ಲಿ ಮುಕ್ಕಾಲು ಗಂಟೆ ಎಳೆಯುತ್ತದೆ. ಯುಎಸ್‌ಬಿ ಕಿಂಡಿ ಇರುವ ಮಾದರಿಯನ್ನೇ ಕೇಳಿ ತನ್ನಿ. ಅಗ್ಗದವುಗಳಲ್ಲಿ ಎಷ್ಟೋ ಬಾರಿ ಅದಿರುವುದಿಲ್ಲ, ಆಗ ಕರೆಂಟ್ ಹೋಗಿ ಬ್ಯಾಟರಿ ಮುಗಿಯುತ್ತಿದೆ ಎಂದು ನ್ಯಾಸ್‌ಗೆ ತಿಳಿಯುವ ದಾರಿಯೇ ಇಲ್ಲ.

ನಮ್ಮ ಮನೆಗಳಲ್ಲಿ ಈ ಮೇಜು ಹಾಳಾಗುವುದು ಭಾರದಿಂದಲ್ಲ, ನೆಲ ಒರೆಸುವ ನೀರಿನಿಂದ. ದಿನವೂ ಒದ್ದೆ ಬಟ್ಟೆ ತಾಗಿ ಫೈಬರ್ ಬೋರ್ಡ್ ಬುಡದಲ್ಲಿ ನೀರು ಹೀರುತ್ತದೆ, ಬಣ್ಣದ ಪದರ ಬಿರಿದು ಕಾಲು ನೆನೆದ ಬಿಸ್ಕತ್ತಿನಂತೆ ಉಬ್ಬುತ್ತದೆ. ಉಬ್ಬಿದ ಮೇಲೆ ಏನೂ ಮಾಡಲಾಗದು. ಜೋಡಿಸುವ ಮೊದಲೇ ಕಾಲಿನ ಅಡಿಗೆ ಮತ್ತು ಸುತ್ತ ಎರಡು ಇಂಚಿನವರೆಗೆ ಪಿಯು ವಾರ್ನಿಶ್ ಎರಡು ಕೋಟ್ ಬಳಿದು ಒಣಗಿಸಿ. ಆಮೇಲೆ 20 ಮಿ.ಮೀ. ದಪ್ಪದ ಗ್ರಾನೈಟ್ ತುಂಡುಗಳ ಮೇಲೆ ನಿಲ್ಲಿಸಿ, ಕಲ್ಲಿಗೂ ಕಾಲಿಗೂ ನಡುವೆ ರಬ್ಬರ್ ಬುಷ್ ಇರಲಿ. ಅಡುಗೆಮನೆ ಕಟ್ಟೆ ಮಾಡುವವರ ಹತ್ತಿರ ಇಂಥ ಚೂರುಗಳು ರಾಶಿ ಬಿದ್ದಿರುತ್ತವೆ, ಕೇಳಿದರೆ ಕೊಡುತ್ತಾರೆ.