ಎಚ್‌ಡಿ 800 ಎಸ್ ಅಥವಾ ಎಲ್‌ಸಿಡಿ-ಎಕ್ಸ್: ಮುಂಬೈ ಮನೆಗೆ ಯಾವುದು?

ಎರಡೂ ಓಪನ್-ಬ್ಯಾಕ್, ಅಂದರೆ ಹಿಂಬದಿ ತೆರೆದಿರುವ ಹೆಡ್‌ಫೋನ್‌ಗಳು. ಒಳಗಿನ ಸದ್ದು ಹೊರಗೆ, ಹೊರಗಿನದು ಒಳಗೆ. ಲೋಕಲ್ ಟ್ರೇನಿಗೆ, ಆಫೀಸಿಗೆ ಇವು ಬೇಡವೇ ಬೇಡ. ಡೊಂಬಿವಲಿಯಲ್ಲೋ ಮಾಟುಂಗಾದಲ್ಲೋ ರಸ್ತೆ ಪಕ್ಕದ ಕೋಣೆಯಾದರೆ ರಾತ್ರಿ ಹತ್ತರ ನಂತರವೇ ಇವುಗಳ ಬೆಲೆ ತಿಳಿಯುವುದು.

ಮೊದಲು ತೂಕ ನೋಡಿ. ಸೆನ್‌ಹೈಸರ್ ಎಚ್‌ಡಿ 800 ಎಸ್ 330 ಗ್ರಾಂ, ಆಡೀಝ್ ಎಲ್‌ಸಿಡಿ-ಎಕ್ಸ್ ಸುಮಾರು 612 ಗ್ರಾಂ. ಅಂಗಡಿಯಲ್ಲಿ ಐದು ನಿಮಿಷ ಹಾಕಿಕೊಂಡರೆ ಈ ವ್ಯತ್ಯಾಸ ಗೊತ್ತಾಗಲ್ಲ. ನಲವತ್ತು ನಿಮಿಷ ಕೂತು ಕೇಳಿ, ಕತ್ತೇ ಹೇಳುತ್ತದೆ. ಕನ್ನಡಕ ಇದ್ದವರು ತೆಗೆಯದೆ ಹಾಕಿ ನೋಡಿ. ಕನ್ನಡಕದ ಕಡ್ಡಿಯ ಬಳಿ ಪ್ಯಾಡ್ ಎದ್ದು ನಿಂತರೆ ಬಾಸ್ (ತಗ್ಗಿನ ಸದ್ದು) ಸೋರಿಹೋಗುತ್ತದೆ.

ಗಟ್ಟಿತನದಲ್ಲಿ ಲೋಹದ ಎಲ್‌ಸಿಡಿ-ಎಕ್ಸ್ ಮುಂದೆ. ಆದರೆ ಅದರ ಚರ್ಮದ ಪ್ಯಾಡಿಗೆ ನಮ್ಮ ಜುಲೈ ತೇವ ಆಗಿಬರಲ್ಲ, ಬೂಷ್ಟು ಹಿಡಿಯುತ್ತದೆ. ಕೇಳಿದ ಮೇಲೆ ಒಣ ಬಟ್ಟೆಯಿಂದ ಬೆವರು ಒರೆಸಿ, ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆ ಇಡಿ. 800 ಎಸ್‌ನ ಬಟ್ಟೆಯ ಪ್ಯಾಡು ಕಿವಿಗೆ ಅಷ್ಟು ಸೆಕೆ ಮಾಡುವುದಿಲ್ಲ.

ಧ್ವನಿಗೆ ಭೀಮಸೇನ ಜೋಶಿಯವರ ವಿಲಂಬಿತ ಖಯಾಲ್ ಹಾಕಿ. 800 ಎಸ್‌ನಲ್ಲಿ ತಾನಪುರ ಒಂದೆಡೆ, ತಬಲಾ ಇನ್ನೊಂದೆಡೆ, ನಡುವೆ ಖಾಲಿ ಜಾಗವೂ ಕೇಳಿಸುತ್ತದೆ. ಹಳೆಯ, ಕರ್ಕಶ ರೆಕಾರ್ಡಿಂಗ್‌ಗಳಿಗೆ ಮಾತ್ರ ಅದು ದಯೆ ತೋರಲ್ಲ. ಎಲ್‌ಸಿಡಿ-ಎಕ್ಸ್‌ನಲ್ಲಿ ಬಾಯಾದ (ತಬಲಾ ಜೋಡಿಯ ಎಡಗೈ ವಾದ್ಯ) ಗುಂಗು ಕೆಳಗಿನವರೆಗೂ ಇಳಿಯುತ್ತದೆ, ಕಂಠ ಸ್ವಲ್ಪ ಹಿಂದೆ ಸರಿದಂತಿರುತ್ತದೆ. ಈಕ್ವಲೈಜರ್‌ನಲ್ಲಿ 3-4 ಕಿಲೋಹರ್ಟ್ಸ್ ಬಳಿ ಎರಡು-ಮೂರು ಡೆಸಿಬೆಲ್ ಏರಿಸಿದರೆ ಸರಿಹೋಗುತ್ತದೆ.

800 ಎಸ್‌ನ ಇಂಪೀಡೆನ್ಸ್ (ವಿದ್ಯುತ್ತಿಗೆ ಒಡ್ಡುವ ತಡೆ) 300 ಓಮ್. ಅದಕ್ಕೆ ಒಳ್ಳೆಯ ಆಂಪ್ಲಿಫೈಯರ್ ಬೇಕೇ ಬೇಕು, ಆ ಖರ್ಚನ್ನೂ ಸೇರಿಸಿ ಲೆಕ್ಕ ಹಾಕಿ. 20 ಓಮ್‌ನ ಎಲ್‌ಸಿಡಿ-ಎಕ್ಸ್ ಫೋನಿಗೆ ಸಿಕ್ಕಿಸುವ ಸಾಧಾರಣ ಡಾಂಗಲ್‌ನಲ್ಲೂ ಜೋರಾಗಿಯೇ ಹಾಡುತ್ತದೆ. ಶಾಸ್ತ್ರೀಯವೇ ಹೆಚ್ಚು ಕೇಳುವವರಿಗೆ ನನ್ನ ಮತ 800 ಎಸ್‌ಗೆ.